ಅವನಿಗೆ ಎರಡನೇ ಮದುವೆ, ಅವಳಿಗೆ ಹಣೆಬರಹ!

ಇವತ್ತು ಬ್ರೇಕಿಂಗ್ ನ್ಯೂಸ್ ಇಲ್ಲ. ಒಂದು ಲೆಕ್ಕ ಇದೆ. ಐದನೇ ಕ್ಲಾಸಿನ ಮಕ್ಕಳೂ ಮಾಡಬಹುದಾದ ಲೆಕ್ಕ.

ಒಂದು ವಿಚ್ಛೇದನ ಆದರೆ ಎಷ್ಟು ಜನ ವಿಚ್ಛೇದಿತರಾಗ್ತಾರೆ? ಇಬ್ಬರು. ಒಬ್ಬ ಗಂಡಸು, ಒಬ್ಬ ಹೆಂಗಸು. ನೂರು ವಿಚ್ಛೇದನ ಆದರೆ ನೂರು ಗಂಡಸರು, ನೂರು ಹೆಂಗಸರು. ಸರಿ ತಾನೆ? ಹಾಗಾದರೆ ದೇಶದಲ್ಲಿರುವ ವಿಚ್ಛೇದಿತ ಗಂಡಸರ ಸಂಖ್ಯೆ ಮತ್ತು ಹೆಂಗಸರ ಸಂಖ್ಯೆ ಹೆಚ್ಚೂಕಡಿಮೆ ಒಂದೇ ಇರಬೇಕು.

ಈಗ 2011ರ ಜನಗಣತಿ ತೆಗೆದು ನೋಡಿ. ದೇಶದಲ್ಲಿ ವಿಚ್ಛೇದಿತರು ಅಂತ ಬರೆಸಿದವರು ಸುಮಾರು 13.6 ಲಕ್ಷ ಜನ. ಅದರಲ್ಲಿ ಹೆಂಗಸರು ಸುಮಾರು 9 ಲಕ್ಷ. ಗಂಡಸರು? ಸುಮಾರು ನಾಲ್ಕೂವರೆ ಲಕ್ಷ. ಅರ್ಧಕ್ಕೆ ಅರ್ಧ!

ನಾನು ಇಂಜಿನಿಯರಿಂಗ್ ಓದಿದವನು. ಸಮೀಕರಣದ ಎರಡೂ ಕಡೆ ಸಮ ಆಗದೇ ಇದ್ದರೆ ಎಲ್ಲೋ ಒಂದು ಟರ್ಮ್ ಬಿಟ್ಟುಹೋಗಿದೆ ಅಂತ ಮೇಷ್ಟ್ರು ಹೇಳಿಕೊಟ್ಟಿದ್ದಾರೆ. ಹಾಗಾದರೆ ಇನ್ನುಳಿದ ನಾಲ್ಕೂವರೆ ಲಕ್ಷ ಗಂಡಸರು ಎಲ್ಲಿ ಹೋದರು? ಎಲ್ಲೂ ಹೋಗಿಲ್ಲ ಸ್ವಾಮಿ. ಬಹುಪಾಲು ಜನ ಮತ್ತೆ ಮದುವೆಯಾಗಿದ್ದಾರೆ. ಗಣತಿಯವರು ಬಂದು ಬಾಗಿಲು ತಟ್ಟಿದಾಗ ಕೇಳೋದು ಇವತ್ತಿನ ಸ್ಥಿತಿಯನ್ನು. ಮರುಮದುವೆಯಾದವನು 'ವಿವಾಹಿತ' ಕಾಲಂಗೆ ಹೋದ. ಆಗದೇ ಉಳಿದವಳು 'ವಿಚ್ಛೇದಿತೆ' ಕಾಲಂನಲ್ಲೇ ಉಳಿದಳು. ಕೋರ್ಟಿಗೇ ಹೋಗದೆ ಸುಮ್ಮನೆ ಬೇರೆಯಾಗಿ ಬದುಕ್ತಿರೋರು ಇನ್ನೂ ಸುಮಾರು 35 ಲಕ್ಷ. ಅಲ್ಲೂ ಅಷ್ಟೇ, ಮೂರರಲ್ಲಿ ಎರಡು ಪಾಲು ಹೆಣ್ಣುಮಕ್ಕಳು.

ಈ ಲೆಕ್ಕ ನನಗೆ ಯಾಕೆ ಕಾಡ್ತು ಅಂದರೆ, ಇದೇ ಸಮೀಕರಣ ನಮ್ಮ ಮನೆಯಲ್ಲೇ ಇದೆ.

ನಾನು ವಿಚ್ಛೇದಿತ. ಎರಡು ವರ್ಷ ಆಯ್ತು. ಟಿವಿಯಲ್ಲಿ ದಿನಾ ಊರವರ ಸಂಸಾರದ ಸುದ್ದಿ ಓದುವವನ ಸಂಸಾರದಲ್ಲೇ ಹೀಗಾಯ್ತು. ಯಾಕಾಯ್ತು ಅನ್ನೋದನ್ನ ಇಲ್ಲಿ ಬರೆಯಲ್ಲ. ಅದರಲ್ಲಿ ಅರ್ಧ ಕಥೆ ಇನ್ನೊಬ್ಬರದು, ಅವರನ್ನು ಕೇಳದೆ ಹೇಳೋ ಹಕ್ಕು ನನಗಿಲ್ಲ. ಅದೇ ವರ್ಷ ದಾವಣಗೆರೆಯಲ್ಲಿ ನನ್ನ ಚಿಕ್ಕಮ್ಮನ ಮಗಳಿಗೂ ವಿಚ್ಛೇದನ ಆಯ್ತು. ನನಗಿಂತ ಎರಡು ವರ್ಷ ಚಿಕ್ಕವಳು, ಶಾಲೆಯಲ್ಲಿ ಗಣಿತ ಹೇಳಿಕೊಡ್ತಾಳೆ. ಐದು ವರ್ಷದ ಮಗ ಇದ್ದಾನೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೀತಿದ್ದೀನಿ.

ನನ್ನ ಡಿಕ್ರಿ ಬಂದು ಮೂರು ತಿಂಗಳಾಗಿರಲಿಲ್ಲ, ಅಮ್ಮನ ಫೋನಿಗೆ ಹುಡುಗಿಯರ ಬಯೋಡೇಟಾ ಬರೋಕೆ ಶುರುವಾಯ್ತು. "ಇನ್ನೂ ವಯಸ್ಸೈತಿ ಕಣಪ್ಪ, ಗಂಡಸು, ಒಬ್ಬನೇ ಎಷ್ಟು ದಿನ ಅಂತ ಇರ್ತೀಯ? ಊಟಕ್ಕೇನು ಮಾಡ್ತೀಯ?" ಅದೇ ಅಮ್ಮ, ಅದೇ ಫೋನಿನಲ್ಲಿ, ಅವತ್ತೇ ಸಂಜೆ ಚಿಕ್ಕಮ್ಮನಿಗೆ ಸಮಾಧಾನ ಹೇಳ್ತಿದ್ದರು. "ಏನ್ ಮಾಡಾದು ಬಿಡು, ಅವಳ ಹಣೆಬರಹ. ಮಗನ ಮುಖ ನೋಡ್ಕೊಂಡು ಇರ್ತಾಳೆ."

ನಾನು ಪಕ್ಕದ ರೂಮಿನಲ್ಲಿದ್ದೆ. ಎರಡೂ ಮಾತು ಕೇಳಿಸಿತು. ನಮ್ಮಮ್ಮ ಕೆಟ್ಟವರಲ್ಲ ವೀಕ್ಷಕರೇ. ನಿಮ್ಮ ಅಮ್ಮನ ಹಾಗೇ ಒಳ್ಳೆಯವರು. ಅದೇ ನನ್ನ ನಿದ್ದೆ ಕೆಡಿಸಿದ್ದು.

ಇದು ನಮ್ಮ ಸಂಸ್ಕೃತಿ, ಹೆಣ್ಣಿಗೆ ಒಂದೇ ಮದುವೆ ಅಂತ ಈಗ ಯಾರಾದರೂ ಕಾಮೆಂಟ್ ಹಾಕ್ತಾರೆ. ಯಾವ ಸಂಸ್ಕೃತಿ ಅಂತ ಸ್ವಲ್ಪ ನೋಡೋಣ. ನಮ್ಮ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ 'ಉಡಿಕೆ' ಅಥವಾ 'ಕೂಡಿಕೆ' ಅನ್ನೋ ಪದ್ಧತಿ ಇತ್ತು. ಗಂಡ ಸತ್ತವಳು, ಗಂಡನ್ನು ಬಿಟ್ಟವಳು ಮತ್ತೆ ಒಬ್ಬನ ಕೈಯಿಂದ ಸೀರೆ ಪಡೆದು ಸಂಸಾರ ಹೂಡೋದು. ಬಿಡುಗಡೆಗೆ ಉತ್ತರ ಕರ್ನಾಟಕದ ಕಡೆ 'ಸೋಡಚೀಟಿ' ಅಂತಿದ್ದರು. ಉಡಿಕೆಗೆ ಮೊದಲ ಮದುವೆಯಷ್ಟು ಗೌರವ ಇರಲಿಲ್ಲ, ವಾದ್ಯ ಚಪ್ಪರದ ಸಡಗರ ಇರಲಿಲ್ಲ, ನಿಜ. ಆದರೆ ದಾರಿ ಇತ್ತು. ದುಡಿಯುವ ಜನ ಹೆಣ್ಣೊಬ್ಬಳನ್ನು ಮೂವತ್ತು ವರ್ಷಕ್ಕೇ ಮೂಲೆಯಲ್ಲಿ ಕೂರಿಸುತ್ತಿರಲಿಲ್ಲ.

ಆಮೇಲೇನಾಯ್ತು? ಮನೆಯಲ್ಲಿ ನಾಲ್ಕು ಕಾಸು ಬಂತು, ಮಕ್ಕಳು ಓದಿದರು, 'ನಾವೂ ದೊಡ್ಡೋರು' ಅನ್ನಿಸಿಕೊಳ್ಳಬೇಕಾಯ್ತು. ಮೇಲಿನವರು ಏನು ಮಾಡ್ತಾರೋ ಅದನ್ನೇ ಮಾಡೋಣ ಅಂತ ಉಡಿಕೆ ಬಿಟ್ಟರು. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದಕ್ಕೆ 'ಸಂಸ್ಕೃತೀಕರಣ' ಅಂತ ಹೆಸರಿಟ್ಟರು. ತಮಾಷೆ ನೋಡಿ, ಕೆಳಗಿನವರು ದಾರಿ ಮುಚ್ಚುತ್ತಿದ್ದ ಕಾಲದಲ್ಲೇ ಮೇಲಿನವರ ಮನೆಯಲ್ಲಿ ದಾರಿ ತೆರೆಯೋ ಹೋರಾಟ ನಡೀತಿತ್ತು. ವಿಧವೆಯರ ಮರುವಿವಾಹಕ್ಕೆ ಕಾನೂನು ಬಂದಿದ್ದು 1856ರಲ್ಲಿ. 1899ರಲ್ಲಿ ಗುಲ್ವಾಡಿ ವೆಂಕಟರಾಯರು ಬರೆದ 'ಇಂದಿರಾಬಾಯಿ', ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ನಾವೆಲ್ಲ ಕರೆಯೋದು, ಮತ್ತೆ ಮದುವೆಯಾಗುವ ವಿಧವೆಯ ಕಥೆ. ಅಂದರೆ ಕನ್ನಡ ಕಾದಂಬರಿ ಕಣ್ಣು ಬಿಟ್ಟ ಕಾಲಕ್ಕೇ ಈ ಪ್ರಶ್ನೆ ನಮ್ಮ ಮುಂದಿತ್ತು. ಇನ್ನೂ ಉತ್ತರ ಬರೆದು ಮುಗಿಸಿಲ್ಲ ನಾವು.

ಸರಿ, ಇತಿಹಾಸ ಸಾಕು. ನೀವು ವಿಚ್ಛೇದನ ಆದವರು, ಮತ್ತೆ ಒಬ್ಬ ಜೊತೆಗಾರ ಅಥವಾ ಜೊತೆಗಾತಿ ಬೇಕು ಅನ್ನಿಸಿದೆ ಅಂದುಕೊಳ್ಳಿ. ಎಲ್ಲಿಂದ ಶುರು ಮಾಡಬೇಕು? ಮೊದಲು ಕಾಗದದಿಂದ.

ಮೊದಲನೇ ಪ್ರಶ್ನೆ: ನಿಮ್ಮ ಮೊದಲ ಮದುವೆ ಕಾನೂನಿನ ಕಣ್ಣಲ್ಲಿ ನಿಜವಾಗಿ ಮುಗಿದಿದೆಯಾ? ನಗಬೇಡಿ. ಹಿರಿಯರು ಕೂತು ಪಂಚಾಯ್ತಿ ಮಾಡಿ, ಬಾಂಡ್ ಪೇಪರ್ ಮೇಲೆ 'ಇನ್ನು ಮುಂದೆ ನಮಗೂ ಅವರಿಗೂ ಸಂಬಂಧ ಇಲ್ಲ' ಅಂತ ಬರೆಸಿ, ನೋಟರಿ ಸೀಲು ಹಾಕಿಸಿ, ವಿಚ್ಛೇದನ ಆಯ್ತು ಅಂದುಕೊಂಡವರು ಬೇಕಾದಷ್ಟಿದ್ದಾರೆ. ಆ ಕಾಗದದಿಂದ ಮದುವೆ ಮುರಿಯೋದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ ಸಮುದಾಯದ ಪದ್ಧತಿ ಪ್ರಕಾರ ಆಗುವ ವಿಚ್ಛೇದನವನ್ನು ಉಳಿಸಿಕೊಂಡಿದೆ ಅನ್ನೋದು ನಿಜ. ಆದರೆ ಅಂಥ ಪದ್ಧತಿ ನಮ್ಮಲ್ಲಿದೆ, ಹಿಂದಿನಿಂದ ನಡೆದುಬಂದಿದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅದು ಆಗದಿದ್ದರೆ ಎರಡನೇ ಮದುವೆಯೇ ಅಸಿಂಧು. ಅದರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಇದೆ. ಗಂಡ ಅಥವಾ ಹೆಂಡತಿ ಬದುಕಿರುವಾಗ ಇನ್ನೊಂದು ಮದುವೆಯಾದರೆ ಏಳು ವರ್ಷದವರೆಗೆ ಜೈಲು. ಮೊದಲ ಮದುವೆ ಮುಚ್ಚಿಟ್ಟು ಆದರೆ ಹತ್ತು ವರ್ಷದವರೆಗೆ.

ಆದ್ದರಿಂದ ಕೋರ್ಟಿನ ಡಿಕ್ರಿ ಬೇಕು. ಇಬ್ಬರೂ ಒಪ್ಪಿದ್ದರೆ ಸೆಕ್ಷನ್ 13ಬಿ ಅಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನ. ಒಂದು ವರ್ಷವಾದರೂ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ರಾಜಿ ಆಗೋ ಸಾಧ್ಯತೆಯೇ ಇಲ್ಲ, ಜೀವನಾಂಶ, ಮಕ್ಕಳ ವಿಚಾರ ಎಲ್ಲ ಇತ್ಯರ್ಥ ಆಗಿದೆ ಅಂದರೆ ಆ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಬೆಂಗಳೂರಿನವರಿಗೆ ಗೊತ್ತು, ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡ. ಆ ಕಾರಿಡಾರಿನಲ್ಲಿ ಕೂತಿದ್ದಾಗ ಒಬ್ಬರು ನನ್ನ ಗುರುತು ಹಿಡಿದು, "ಸಾರ್, ಸ್ಟೋರಿ ಮಾಡೋಕೆ ಬಂದಿದ್ದೀರಾ?" ಅಂದರು. "ಇಲ್ಲ ಸಾರ್, ಈ ಸಲ ನಾನೇ ಸ್ಟೋರಿ" ಅಂದೆ.

ಎರಡನೇ ಪ್ರಶ್ನೆ: ಡಿಕ್ರಿ ಕೈಗೆ ಬಂದ ಮಾರನೇ ದಿನವೇ ಮದುವೆ ಆಗಬಹುದಾ? ತಾಳಿ. ಸೆಕ್ಷನ್ 15 ಓದಿ. ಮೇಲ್ಮನವಿಗೆ ಅವಕಾಶ ಇಲ್ಲದಿದ್ದರೆ, ಅಥವಾ ಮೇಲ್ಮನವಿಯ ಗಡುವು ಮುಗಿದಿದ್ದರೆ, ಅಥವಾ ಹಾಕಿದ ಮೇಲ್ಮನವಿ ವಜಾ ಆಗಿದ್ದರೆ ಮಾತ್ರ ಮತ್ತೆ ಮದುವೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಗಡುವು 90 ದಿನ, ಕೌಟುಂಬಿಕ ನ್ಯಾಯಾಲಯ ಕಾಯ್ದೆಯಲ್ಲಿ 30 ದಿನ. ಯಾವುದು ಸರಿ ಅಂತ ವಕೀಲರು ವಾದ ಮಾಡಿಕೊಳ್ಳಲಿ, ನೀವು 90 ದಿನ ಕಾದುಬಿಡಿ. ಇಬ್ಬರೂ ಒಪ್ಪಿ ಪಡೆದ ಡಿಕ್ರಿ ಮೇಲೆ ಸಾಮಾನ್ಯವಾಗಿ ಮೇಲ್ಮನವಿ ಇರೋದಿಲ್ಲ. ಎದುರಿನವರು ಕೋರ್ಟಿಗೇ ಬಾರದೆ ಸಿಕ್ಕ ಏಕಪಕ್ಷೀಯ ಡಿಕ್ರಿ ಆಗಿದ್ದರೆ ಮಾತ್ರ ಇನ್ನೂ ಹುಷಾರು. ನನಗೆ ನೋಟಿಸೇ ಬಂದಿಲ್ಲ ಅಂತ ಅವರು ಬಂದು ಅದನ್ನು ರದ್ದು ಮಾಡಿಸೋ ಅರ್ಜಿ ಹಾಕಬಹುದು.

ಬೇರೆ ಧರ್ಮದವರಿಗೆ ಬೇರೆ ನಿಯಮ. ಮುಸ್ಲಿಂ ಮಹಿಳೆಗೆ ಇದ್ದತ್ ಅವಧಿ ಮುಗಿಯಬೇಕು. ಕ್ರೈಸ್ತರಲ್ಲಿ ಚರ್ಚಿನ ನ್ಯಾಯಮಂಡಳಿ ಮದುವೆ ರದ್ದು ಮಾಡಿದೆ ಅಂದಮಾತ್ರಕ್ಕೆ ಸಾಲದು, ಕೋರ್ಟಿನ ಡಿಕ್ರಿಯೇ ಬೇಕು. 2017ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ವಕೀಲರ ಫೀಸಿಗೆ ಹೆದರಿ ಮನೆಯಲ್ಲೇ ಕೂತ ಹೆಣ್ಣುಮಕ್ಕಳಿಗೆ ಒಂದು ಮಾತು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಉಚಿತ ಕಾನೂನು ನೆರವು ಇದೆ. ನಿಮ್ಮ ಆದಾಯ ಎಷ್ಟು ಅಂತ ನೋಡಿ ಬಾಗಿಲು ಹಾಕೋ ಹಾಗಿಲ್ಲ. 15100ಕ್ಕೆ ಫೋನ್ ಮಾಡಿ.

ಮೂರನೇ ಪ್ರಶ್ನೆ: ದುಡ್ಡು. ವಿಚ್ಛೇದಿತ ಹೆಂಡತಿ ಮತ್ತೆ ಮದುವೆಯಾದರೆ ತಿಂಗಳ ಜೀವನಾಂಶವನ್ನು ನಿಲ್ಲಿಸಿ ಅಂತ ಹಳೇ ಗಂಡ ಕೋರ್ಟಿಗೆ ಹೋಗಬಹುದು, ಕೋರ್ಟ್ ಅದನ್ನು ಬದಲಿಸಬಹುದು ಅಥವಾ ರದ್ದು ಮಾಡಬಹುದು. ಆದರೆ ಮಗುವಿನ ಖರ್ಚು ಬೇರೆ. ಹೆಂಡತಿ ಇನ್ನೊಬ್ಬರನ್ನು ಮದುವೆಯಾದಳು ಅಂತ ಅಪ್ಪನ ಅಪ್ಪತನ ಮುಗಿಯಲ್ಲ. ಇನ್ನೊಂದು ಸಣ್ಣ ವಿಷಯ, ನಾನೇ ಎಡವಿದ್ದು. ಡಿಕ್ರಿ ಬಂದು ಒಂದು ವರ್ಷದ ಮೇಲೆ ಬೀರು ಕ್ಲೀನ್ ಮಾಡುವಾಗ ನೋಡ್ತೀನಿ, ನನ್ನ ವಿಮೆ ಪಾಲಿಸಿಯಲ್ಲಿ ನಾಮಿನಿ ಹೆಸರು ಇನ್ನೂ ಹಳೆಯದೇ ಇದೆ. ಬ್ಯಾಂಕಿನಲ್ಲೂ ಅದೇ, ಪಿಎಫ್‌ನಲ್ಲೂ ಅದೇ. ನೀವು ಇವತ್ತೇ ಎದ್ದು ನೋಡಿ. ಪಾಸ್‌ಪೋರ್ಟಿನಲ್ಲಿ ಸಂಗಾತಿಯ ಹೆಸರು ಏನಿದೆ ಅಂತಲೂ ನೋಡಿ.

ಕಾಗದ ಮುಗೀತು. ಇನ್ನು ಮನಸ್ಸಿನ ವಿಷಯ. ಇದಕ್ಕೆ ಸೆಕ್ಷನ್ ಇಲ್ಲ, ಗಡುವೂ ಇಲ್ಲ.

ಅಮ್ಮನ ಒತ್ತಾಯಕ್ಕೆ ಒಂದು ಭೇಟಿಗೆ ಹೋದೆ. ಜಯನಗರದ ಒಂದು ಹೋಟೆಲು, ಫಿಲ್ಟರ್ ಕಾಫಿ. ಅವರೂ ವಿಚ್ಛೇದಿತೆ, ಬ್ಯಾಂಕಿನಲ್ಲಿ ಕೆಲಸ. "ನಿಮ್ಮ ಮದುವೆ ಯಾಕೆ ಮುರಿದುಬಿತ್ತು?" ಅಂತ ಕೇಳಿದರು. ಅಷ್ಟೇ ಕೇಳಿದ್ದು. ನಾನು ಮುಕ್ಕಾಲು ಗಂಟೆ ಮಾತಾಡಿದೆ. ಸಾಕ್ಷಿ, ದಿನಾಂಕ, ಯಾರು ಯಾವಾಗ ಏನಂದರು, ಎಲ್ಲ ಹೇಳಿದೆ. ಕಾಫಿ ಆರಿ ಕೆನೆ ಕಟ್ಟಿತ್ತು. ಅವರು ಎಲ್ಲ ಕೇಳಿ ಶಾಂತವಾಗಿ ಅಂದರು: "ಸಾರ್, ನೀವಿನ್ನೂ ಪ್ಯಾನೆಲ್ ಡಿಸ್ಕಷನ್ ಮುಗಿಸಿಲ್ಲ. ಎದುರುಪಕ್ಷದವರು ಸ್ಟುಡಿಯೋ ಬಿಟ್ಟು ಹೋಗಿ ಆಗಲೇ ಒಂದು ವರ್ಷ ಆಯ್ತು."

ನೆಟ್ಟಗೆ ಎದೆಗೆ ಬಿತ್ತು. ಬಿಲ್ಲು ಕೊಟ್ಟು, ಕ್ಷಮೆ ಕೇಳಿ ಬಂದೆ. ಅವತ್ತಿನಿಂದ ಒಂದು ಪರೀಕ್ಷೆ ಇಟ್ಟುಕೊಂಡಿದ್ದೀನಿ. 'ಯಾಕೆ ಮುರೀತು' ಅನ್ನೋ ಪ್ರಶ್ನೆಗೆ ಎರಡು ನಿಮಿಷದಲ್ಲಿ, ಎದುರಿಗಿಲ್ಲದವರನ್ನು ಬೈಯದೆ, ನನ್ನ ತಪ್ಪು ಒಂದನ್ನಾದರೂ ಸೇರಿಸಿ ಉತ್ತರ ಹೇಳೋಕೆ ಬರುತ್ತಾ? ಬರದಿದ್ದರೆ ನಾನಿನ್ನೂ ಹುಡುಕೋಕೆ ಸಿದ್ಧನಾಗಿಲ್ಲ. ಎದುರಿಗೆ ಕೂತವರಿಗೂ ಇದೇ ಪರೀಕ್ಷೆ ಅನ್ವಯ. ತನ್ನದೇನೂ ತಪ್ಪಿಲ್ಲ, ಎಲ್ಲ ಅವರದೇ ಅನ್ನುವವರು ನಾಳೆ ನಿಮ್ಮ ಬಗ್ಗೆಯೂ ಅದನ್ನೇ ಹೇಳ್ತಾರೆ.

ವಿವಾಹ ವೇದಿಕೆಗಳ ಜಾಹೀರಾತು ಓದಿದ್ದೀರಾ? 'ಇನ್ನೊಸೆಂಟ್ ಡೈವೋರ್ಸಿ' ಅಂತ ಬರೆದಿರ್ತಾರೆ. ಅಂದರೆ ಏನು? ವಿಚ್ಛೇದನ ಒಂದು ಅಪರಾಧ, ಇವರು ಮಾತ್ರ ನಿರಪರಾಧಿ ಅಂತಲೇ? 'ಕೆಲವೇ ದಿನಗಳ ಮದುವೆ' ಅಂತ ಬರೀತಾರೆ, ಬಳಸಿದ ಗಾಡಿ ಮಾರುವಾಗ ಕಿಲೋಮೀಟರ್ ಹೇಳೋ ಹಾಗೆ. ಎಲ್ಲಕ್ಕಿಂತ ನನಗೆ ಸಿಟ್ಟು ಬರಿಸೋ ಪದ 'ಇಶ್ಯೂಲೆಸ್'. ಮಕ್ಕಳಿಲ್ಲ ಅಂತ ಅರ್ಥ. ಮಗು ಇದ್ದರೆ ಅದು 'ಇಶ್ಯೂ'! ನನ್ನ ತಂಗಿ ಒಂದು ಸಲ ಇದನ್ನು ಓದಿ ನಕ್ಕು ಹೇಳಿದ್ದಳು: "ಅಣ್ಣಾ, ನನ್ನ ಇಶ್ಯೂ ಈಗ ಮಗ್ಗಿ ಕಲೀತಿದೆ."

ಅದೇ ವೇದಿಕೆಗಳಲ್ಲಿ ಇನ್ನೊಂದು ಅಪಾಯ ಇದೆ, ನಮ್ಮ ಚಾನೆಲ್ಲಿನಲ್ಲಿ ವಾರಕ್ಕೊಮ್ಮೆಯಾದರೂ ಓದೋ ಸುದ್ದಿ. ವಂಚಕರಿಗೆ ವಿಚ್ಛೇದಿತರು, ವಿಧವೆಯರು ಅಂದರೆ ಸುಲಭದ ಬೇಟೆ. ಒಂಟಿತನ ಇರುತ್ತೆ, ಕೈಯಲ್ಲಿ ಸ್ವಲ್ಪ ದುಡ್ಡಿರುತ್ತೆ, ಮನೆಯವರಿಗೆ ಹೇಳೋಕೆ ನಾಚಿಕೆ ಇರುತ್ತೆ. ಕಥೆಯ ರೂಪ ಹೀಗೆ: ಆತ ಲಂಡನ್ನಿನ ಡಾಕ್ಟರು ಅಥವಾ ಹಡಗಿನ ಇಂಜಿನಿಯರು. ಎರಡು ವಾರ ಸವಿಮಾತು. ವಿಡಿಯೋ ಕಾಲ್‌ಗೆ ಏನಾದರೊಂದು ನೆಪ. ಆಮೇಲೆ ಒಂದು ದಿನ, ನಿಮಗೆ ಉಡುಗೊರೆ ಕಳಿಸಿದ್ದೀನಿ ಅನ್ನುವ ಸಂದೇಶ. ಮಾರನೇ ದಿನ ದೆಹಲಿ ಏರ್‌ಪೋರ್ಟಿನ ಕಸ್ಟಮ್ಸ್‌ನಿಂದ ಅಂತ ಇನ್ನೊಬ್ಬರ ಫೋನು: ಪಾರ್ಸಲ್ ಸಿಕ್ಕಿಹಾಕಿಕೊಂಡಿದೆ, ಇಷ್ಟು ಕಟ್ಟಿ. ಕಟ್ಟಿದ ಮೇಲೆ ಇನ್ನಷ್ಟು. ಈಗಿನ ಹೊಸ ರೂಪ, ಮದುವೆಗೆ ಮುಂಚೆ ಇಬ್ಬರೂ ಸೇರಿ ಟ್ರೇಡಿಂಗ್ ಆ್ಯಪ್‌ನಲ್ಲಿ ದುಡ್ಡು ಬೆಳೆಸೋಣ ಅನ್ನೋದು.

ನಿಯಮ ಒಂದೇ. ಮುಖಾಮುಖಿ ನೋಡದ ಮನುಷ್ಯನಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಆಫೀಸಿಗೆ ಹೋಗಿ ನೋಡಿ, ಮನೆ ನೋಡಿ, ಡಿಕ್ರಿ ಪ್ರತಿ ಕೇಳಿ, ನಿಮ್ಮದನ್ನೂ ತೋರಿಸಿ. ಡಿಕ್ರಿ ಕೇಳಿದರೆ ಬೇಜಾರಾಗೋ ಮನುಷ್ಯ ಮನೆಯಲ್ಲಿ ಹೆಂಡತಿ ಇಟ್ಟುಕೊಂಡಿರಬಹುದು. ಮೊದಲ ಭೇಟಿ ಜನ ಇರೋ ಜಾಗದಲ್ಲಿ ಆಗಲಿ, ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಈಗಾಗಲೇ ದುಡ್ಡು ಹೋಗಿದ್ದರೆ ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡ್ತೀರೋ ಅಷ್ಟು ದುಡ್ಡು ಖಾತೆಯಲ್ಲಿ ತಡೆಯೋ ಸಾಧ್ಯತೆ ಜಾಸ್ತಿ.

ಈಗ ಕಷ್ಟದ ಭಾಗಕ್ಕೆ ಬರೋಣ. ಮಕ್ಕಳು.

ಮತ್ತೆ ಮದುವೆಯಾದರೆ ಮಗುವನ್ನು ಕಿತ್ಕೊಂಡುಬಿಡ್ತಾರೆ ಅನ್ನೋ ಭಯ ಎಷ್ಟೋ ತಾಯಂದಿರಿಗಿದೆ. ನಮ್ಮ ಅನಿಲ್ ಕುಂಬ್ಳೆ ಎಲ್ಲರಿಗೂ ಗೊತ್ತು. 1999ರಲ್ಲಿ ಅವರು ಮದುವೆಯಾಗಿದ್ದು ಮೊದಲ ಮದುವೆಯಿಂದ ಮಗಳಿದ್ದ ಚೇತನಾ ಅವರನ್ನು. ಆ ಮಗುವಿನ ಪಾಲನೆಯ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2004ರಲ್ಲಿ ಕೋರ್ಟ್ ಮಗುವನ್ನು ತಾಯಿಯ ಹತ್ತಿರವೇ ಬಿಟ್ಟಿತು, ತಂದೆಗೆ ಮಗಳನ್ನು ನೋಡುವ ಹಕ್ಕನ್ನೂ ಉಳಿಸಿತು. ತಾಯಿ ಮರುಮದುವೆಯಾದಳು ಅನ್ನೋದೊಂದೇ ಕಾರಣಕ್ಕೆ ಮಗು ಅವಳಿಂದ ದೂರ ಆಗಲಿಲ್ಲ. ಕೋರ್ಟು ನೋಡೋದು ಮಗುವಿನ ಹಿತ ಎಲ್ಲಿದೆ ಅಂತ. ಹತ್ತು ವಿಕೆಟ್ ಕಿತ್ತ ಕುಂಬ್ಳೆಯನ್ನು ಎಲ್ಲರೂ ಹೊಗಳ್ತೀವಿ. ಮಗಳಿರುವ ವಿಚ್ಛೇದಿತೆಯನ್ನು ಮದುವೆಯಾದ ಕುಂಬ್ಳೆಯನ್ನು ಮಾದರಿ ಅಂತ ಎಷ್ಟು ಮನೆಯಲ್ಲಿ ಹೇಳ್ತೀವಿ?

ಇನ್ನು ಮಗುವಿನ ಹೆಸರಿನ ವಿಷಯ. ಮಗುವಿನ ತಂದೆ ತೀರಿಕೊಂಡ ಮೇಲೆ ಮರುಮದುವೆಯಾದ ತಾಯಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ, ಮಗುವಿನ ಉಪನಾಮ ಏನಿರಬೇಕು ಅಂತ ತೀರ್ಮಾನಿಸುವ ಹಕ್ಕು ಸಹಜ ಪೋಷಕಿಯಾದ ತಾಯಿಗಿದೆ ಅಂದಿತು. ಸ್ವಂತ ತಂದೆ ಬದುಕಿದ್ದರೆ ಲೆಕ್ಕ ಬೇರೆ. ಹೊಸ ತಂದೆ ಮಗುವನ್ನು ಕಾನೂನುಬದ್ಧವಾಗಿ ದತ್ತು ತಗೋಬೇಕಾದರೆ ಆತನ ಒಪ್ಪಿಗೆಯೂ ಬೇಕಾಗುತ್ತೆ. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ: ದತ್ತು ಆಗದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮಲತಂದೆಯ ಆಸ್ತಿಗೆ ಆ ಮಗು ನೇರ ವಾರಸುದಾರ ಅಲ್ಲ. ಸ್ವಂತ ತಂದೆಯ ಆಸ್ತಿಯಲ್ಲಿ ಅದರ ಹಕ್ಕು ಹಾಗೇ ಇರುತ್ತೆ. ಆದ್ದರಿಂದ 'ನಿನ್ನ ಮಗು ನನ್ನ ಮಗು' ಅಂತ ಬಾಯಲ್ಲಿ ಹೇಳುವವರು ಒಂದು ವಿಲ್ಲನ್ನೂ ಬರೆದಿಡಲಿ. ಪ್ರೀತಿ ಮತ್ತು ಪತ್ರ ಎರಡೂ ಇರಲಿ.

ಮಗುವಿಗೆ ಕಾನೂನಿಗಿಂತ ಮುಖ್ಯವಾಗಿ ಬೇಕಿರೋದು ಸಮಯ. ಮೊದಲ ದಿನವೇ 'ಇವರು ನಿನ್ನ ಹೊಸ ಅಪ್ಪ' ಅಂತ ಪರಿಚಯ ಮಾಡಿಸಬೇಡಿ. ಮಾಮನೋ ಅಂಕಲ್ಲೋ, ಮಗು ಏನು ಕರೆಯುತ್ತೋ ಕರೀಲಿ. ಅದು ತಾನಾಗಿ ಪದ ಬದಲಿಸಿದ ದಿನ ಬದಲಿಸಲಿ. ಆ ಮಗುವಿಗೆ ಇನ್ನೊಂದು ಮನೆಯಲ್ಲಿ ಅಪ್ಪನೋ ಅಮ್ಮನೋ ಇದ್ದಾರೆ. ಅವರನ್ನು ಅದರ ಎದುರಿಗೆ ಬೈದರೆ, ಮಗುವಿನ ಅರ್ಧ ರಕ್ತವನ್ನು ಬೈದ ಹಾಗೆ.

ಕೊನೆಯದಾಗಿ ಮನೆಯ ಹಿರಿಯರಿಗೆ ಒಂದು ಮಾತು. ಮಗನಿಗೆ ಅವಸರ ಮಾಡಬೇಡಿ. ಊಟಕ್ಕೇನು ಮಾಡ್ತಾನೆ ಅನ್ನೋ ಪ್ರಶ್ನೆಗೆ ಉತ್ತರ ಮದುವೆ ಅಲ್ಲ. ಅನ್ನ ಮಾಡೋಕೆ ಕುಕ್ಕರ್ ಸಾಕು, ನಾನು ಕಲಿತಿದ್ದೀನಿ. ಮಗಳ ವಿಷಯದಲ್ಲಿ ಮೌನವಾಗಿ ಕೂರಬೇಡಿ. ನಾಲ್ಕು ಜನ ಏನಂತಾರೆ ಅನ್ನೋ ಆ ನಾಲ್ಕು ಜನ ರಾತ್ರಿ ಹತ್ತು ಗಂಟೆಗೆ ಅವಳ ಜೊತೆ ಮಾತಾಡೋಕೆ ಬರಲ್ಲ. ಅವಳಿಗೆ ಮತ್ತೆ ಮದುವೆ ಬೇಡ ಅನ್ನಿಸಿದರೆ ಅದು ಅವಳ ತೀರ್ಮಾನ, ಗೌರವಿಸಿ. ಆದರೆ ಕೇಳಿದ್ದೀರಾ? ಒಂದು ಸಲವಾದರೂ ಎದುರು ಕೂರಿಸಿಕೊಂಡು, 'ನಿನಗೆ ಏನು ಬೇಕಮ್ಮ' ಅಂತ ಕೇಳಿದ್ದೀರಾ?

ನಮ್ಮ ಮನೆಯಲ್ಲೂ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಟಿವಿಯಲ್ಲಿ ಊರಿಗೆಲ್ಲ ಪ್ರಶ್ನೆ ಕೇಳುವವನು. ಹೋದ ಯುಗಾದಿಗೆ ಊರಿಗೆ ಹೋದಾಗ ಜನಗಣತಿಯ ಈ ಲೆಕ್ಕವನ್ನು ಅಮ್ಮನ ಮುಂದೆ ಇಟ್ಟೆ. ಒಂಬತ್ತು ಲಕ್ಷ, ನಾಲ್ಕೂವರೆ ಲಕ್ಷ. ಅಮ್ಮ ಹೋಳಿಗೆಗೆ ಹೂರಣ ರುಬ್ಬುತ್ತಿದ್ದರು. ಏನೂ ಮಾತಾಡಲಿಲ್ಲ. ಊಟ ಆದ ಮೇಲೆ ಫೋನ್ ತಗೊಂಡು ಹಿತ್ತಲಿಗೆ ಹೋದರು. ತಂಗಿಗೆ ಮಾಡಿದ್ದು ಅಂತ ಆಮೇಲೆ ಗೊತ್ತಾಯ್ತು.

"ಒಂದು ಒಳ್ಳೆ ಫೋಟೋ ಕಳಿಸವ್ವ" ಅಂದರಂತೆ.

ಎರಡು ನಿಮಿಷ ಆ ಕಡೆಯಿಂದ ಮಾತೇ ಇರಲಿಲ್ಲವಂತೆ. ಆಮೇಲೆ ತಂಗಿ ಅಂದಳಂತೆ: "ಕಳಿಸ್ತೀನಿ ದೊಡ್ಡಮ್ಮ. ಆದರೆ ಮಗನೂ ಇರೋ ಫೋಟೋನೇ ಕಳಿಸೋದು."

ಫೋಟೋ ಬಂದಿದೆ. ಇಬ್ಬರೂ ನಗ್ತಿದ್ದಾರೆ. ಸಂಬಂಧ ಇನ್ನೂ ಕೂಡಿಬಂದಿಲ್ಲ. ಅವಳದೂ ಇಲ್ಲ, ನನ್ನದೂ ಇಲ್ಲ. ಆದರೆ ಈಗ ನಮ್ಮ ಮನೆಯಲ್ಲಿ ಹುಡುಕೋದು ಇಬ್ಬರಿಗೂ. ಲೆಕ್ಕದ ಎರಡೂ ಕಡೆ ಸಮ ಆಗೋಕೆ ಇನ್ನೂ ನಾಲ್ಕೂವರೆ ಲಕ್ಷ ಫೋನ್ ಕಾಲ್ ಬಾಕಿ ಇದೆ. ಅದರಲ್ಲಿ ಒಂದು ನಿಮ್ಮ ಮನೆಯದಾಗಿದ್ದರೆ, ಇವತ್ತೇ ಮಾಡಿಬಿಡಿ.